ಚಿನ್ನದ ದೇವಿಗೆ ನಮ್ಮಜ್ಜಿಯ ಮುಖ

ನಮ್ಮಜ್ಜಿಗೆ ಸಿಟ್ಟು ಮೂಗಿನ ತುದಿಯಲ್ಲೇ ಇತ್ತು ಅಂತ ನಾನು ಹೇಳಿದರೆ ನೀವು ನಂಬಬೇಕಾಗಿಲ್ಲ. ಆ ಹಳೆಯ ಸಾಹಸದ ಸಿನಿಮಾ ಹಾಕಿಕೊಂಡು ನೋಡಿ. ನೆಲ ಅಗೆದು ಹಳೆಯ ಕಾಲದ ಸಾಮಾನು ಹುಡುಕುವ ಪಂಡಿತನೊಬ್ಬ ಬಾಯಲ್ಲಿ ಟಾರ್ಚ್ ಕಚ್ಚಿಕೊಂಡು ಗುಹೆಯೊಳಗೆ ತೆವಳುತ್ತಾನಲ್ಲ, ಅದೇ ಸಿನಿಮಾ. ಗುಹೆಯ ತುದಿಯಲ್ಲಿ ಕಲ್ಲಿನ ಪೀಠ, ಪೀಠದ ಮೇಲೆ ಚಿನ್ನದ ತಲೆ. ಗಂಟಿಕ್ಕಿದ ಹುಬ್ಬು, ಅರಳಿದ ಮೂಗಿನ ಹೊಳ್ಳೆ, ಬಿಗಿದ ತುಟಿ. ಪ್ರಪಂಚದ ಅರ್ಧ ಜನ ಅದನ್ನು ಮೂರು ಸಾವಿರ ವರ್ಷದ ದೇವಿ ಅಂತ ತಿಳಿದಿದ್ದಾರೆ. ಅದು ನಮ್ಮಪ್ಪನ ಅಮ್ಮ.

ಪಂಡಿತ ಆ ತಲೆಯನ್ನು ಎತ್ತಿಕೊಂಡು, ಅದರ ಜಾಗದಲ್ಲಿ ಬಟ್ಟೆ ಸುತ್ತಿದ ಕಲ್ಲೊಂದನ್ನು ಇಡುತ್ತಾನೆ. ಆಮೇಲೆ ನಮ್ಮ ಕಡೆ ತಿರುಗಿ, "ಇಲ್ಲಿದ್ದರೆ ಕತ್ತಲಲ್ಲಿ ಕೊಳೆಯುತ್ತೆ. ಜಗತ್ತು ಇದನ್ನು ನೋಡಬೇಕು" ಅನ್ನುತ್ತಾನೆ. ಕದಿಯುವವನ ಬಾಯಲ್ಲಿ ಎಂಥ ಸೊಗಸಾದ ಮಾತು ನೋಡಿ. ಅಷ್ಟರಲ್ಲಿ ಗುಹೆಯ ಜನ ಕಿರುಚಿಕೊಂಡು ಅಟ್ಟಿಸಿಕೊಂಡು ಬರುತ್ತಾರೆ. ಮೈಗೆಲ್ಲ ಮಸಿ, ಕೈಯಲ್ಲಿ ದೊಣ್ಣೆ. ಇನ್ನೇನು ಅವನ ಕೋಟು ಕೈಗೆ ಸಿಗಬೇಕು, ಒಬ್ಬ ಎಡವಿ ಮುಂದಿನವನನ್ನು ಬೀಳಿಸುತ್ತಾನೆ, ಬಿದ್ದವನ ಮೇಲೆ ಒಬ್ಬಳು, ಅವಳ ಮೇಲೆ ಮತ್ತೊಬ್ಬ. ಎಲ್ಲರೂ ಗುಡ್ಡೆಯಾಗಿ ಬೀಳುತ್ತಾರೆ. ಪಂಡಿತ ನಗುತ್ತಾ ಪಾರಾಗುತ್ತಾನೆ, ಥಿಯೇಟರಿನಲ್ಲಿ ಶಿಳ್ಳೆ ಬೀಳುತ್ತದೆ.

ಆ ಗುಡ್ಡೆ ನಮ್ಮ ಬೀದಿ. ಕೆಳಗೆ ನಜ್ಜುಗುಜ್ಜಾಗಿರುವವನು ಎದುರುಮನೆಯ ಬಡಗಿ ಚಿಕ್ಕಪ್ಪ. ಅವನ ಬೆನ್ನಿನ ಮೇಲೆ ಕೈಕಾಲು ಬಡಿಯುವವಳು ದರ್ಜಿ ದೊಡ್ಡಮ್ಮ. ಎಲ್ಲರಿಗಿಂತ ಮೊದಲು ಎಡವಿ ಉಳಿದವರನ್ನೂ ಬೀಳಿಸಿದ ಪುಣ್ಯಾತ್ಮ ನಮ್ಮಪ್ಪ.

ನಾನಾಗ ಅಮ್ಮನ ಹೊಟ್ಟೆಯಲ್ಲಿದ್ದೆ. ಕಥೆಯನ್ನು ಮಾತ್ರ ಎಷ್ಟು ಸಲ ಕೇಳಿದ್ದೇನೆಂದರೆ ಕಣ್ಣಾರೆ ಕಂಡವಳ ಹಾಗೆ ಹೇಳಬಲ್ಲೆ.

ನಮ್ಮದು ಪ್ಲಾಸ್ಟರ್ ಕೆಲಸದ ಮನೆ. ದೊಡ್ಡವರ ಹಜಾರಗಳ ಛಾವಣಿಗೆ ಹೂವು, ಗೋಡೆಗೆ ಅಂಚುಪಟ್ಟಿ, ಕಂಬಗಳಿಗೆ ತಲೆ. ಮಣ್ಣಿನಲ್ಲಿ ಮೊದಲು ರೂಪ ತಿದ್ದುವವಳು ಅಮ್ಮ, ಅಚ್ಚು ತೆಗೆದು ಎರಕ ಹೊಯ್ಯುವವನು ಅಪ್ಪ, ಇಬ್ಬರ ಕೆಲಸದಲ್ಲೂ ತಪ್ಪು ಹುಡುಕುವವಳು ಅಜ್ಜಿ. ಅಮ್ಮನಿಗೂ ಅಜ್ಜಿಗೂ ಎಣ್ಣೆ ಸೀಗೆಕಾಯಿ. ಬಾಗಿಲು ತೆಗೆದರೆ ಗಾಳಿ ಅಂತ ಒಬ್ಬಳು, ಮುಚ್ಚಿದರೆ ಸೆಖೆ ಅಂತ ಇನ್ನೊಬ್ಬಳು. ನಡುವೆ ಅಪ್ಪ ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ ಮಾತಾಡಿಕೊಂಡು ಓಡಾಡುವವನು. "ಹೋಗ್ಲಿ ಬಿಡೇ" ಅಂತ ಹೆಂಡತಿಗೆ, "ಹೋಗ್ಲಿ ಬಿಡಮ್ಮ" ಅಂತ ತಾಯಿಗೆ. ಈ ಎರಡು ಮಾತು ಕಲಿತುಕೊಂಡೇ ಅವನು ಸಂಸಾರ ಮಾಡಿದ್ದು.

ಊರಾಚೆಯ ಕಲ್ಲುಕ್ವಾರಿಯಲ್ಲಿ ಗುಹೆ ಕಟ್ಟಿಸಿದ ಸಿನಿಮಾದವರು ದೇವಿಯ ತಲೆ ಮಾಡುವ ಕೆಲಸವನ್ನು ಅಮ್ಮನಿಗೆ ಕೊಟ್ಟರು. ಸಿಟ್ಟಾದ ದೇವಿ ಬೇಕು ಅಂದರು. ಅಮ್ಮ ಒಂದಾದ ಮೇಲೊಂದು ಮಾಡಿ ತೋರಿಸಿದಳು. ಅವರ ಕಲಾ ನಿರ್ದೇಶಕ ಒಂದನ್ನೂ ಒಪ್ಪಲಿಲ್ಲ. "ಇದು ಸಿಟ್ಟಲ್ಲಮ್ಮ, ಹಲ್ಲುನೋವು" ಅಂದನಂತೆ. ಅಮ್ಮ ಮಣ್ಣನ್ನೆಲ್ಲ ಮುದ್ದೆ ಮಾಡಿ ಮೇಜಿಗೆ ಅಪ್ಪಳಿಸಿ ಕೂತಳು.

ಅದೇ ದಿನ ಕ್ವಾರಿಯಲ್ಲಿ ಓಟದ ದೃಶ್ಯ. ತಲೆ ಇನ್ನೂ ಸಿದ್ಧವಾಗಿರಲಿಲ್ಲ, ಸದ್ಯಕ್ಕೆ ಪಂಡಿತನ ಕೈಗೆ ಬಟ್ಟೆಯ ಗಂಟೊಂದನ್ನು ಕೊಟ್ಟಿದ್ದರು. ಬೀದಿಯವರೆಲ್ಲ ಮಸಿ ಬಳಿದುಕೊಂಡು ಗುಹೆಯ ಜನವಾಗಿದ್ದರು, ಅಜ್ಜಿಯೂ ಇದ್ದಳು. ಓಡಿ ಅಂದರು, ಓಡಿದರು. ಬೀಳಿ ಅಂದರು, ಬಿದ್ದರು. ಅಜ್ಜಿ ಬೀಳಲಿಲ್ಲ. ಬಿದ್ದವರನ್ನು ದಾಟಿಕೊಂಡು ಹೋಗಿ ಪಂಡಿತನ ಕೋಟಿನ ಕಾಲರು ಹಿಡಿದೇಬಿಟ್ಟಳು.

ಕ್ಯಾಮೆರಾ ನಿಂತಿತು. ನಿರ್ದೇಶಕ ಬಂದು ವಿವರಿಸಿದ. ಮತ್ತೆ ಓಡಿಸಿದರು, ಅಜ್ಜಿ ಮತ್ತೆ ಹಿಡಿದಳು.

"ಅಜ್ಜೀ, ಬೀಳ್ಬೇಕು ನೀವು."

"ಯಾಕಪ್ಪಾ ಬೀಳ್ಬೇಕು?"

"ಕಾಲು ಎಡವುತ್ತೆ."

"ಎಡವಲಿಲ್ಲವಲ್ಲ. ನನ್ನ ಕಾಲು ಗಟ್ಟಿಯಾಗಿದೆ."

"ಎಲ್ಲರೂ ಬೀಳ್ತಿದ್ದಾರಲ್ಲ!"

"ಅವರು ಬೀಳ್ಲಿ. ನಮ್ಮನೆ ದೇವರನ್ನ ಎತ್ಕೊಂಡು ಓಡೋನು ಕೈಗೆ ಸಿಗೋ ಹಾಗಿದ್ದಾಗ ನಾನ್ಯಾಕೆ ಬೀಳಲಿ? ಬೇಕಾದ್ರೆ ಅವನನ್ನ ಇನ್ನೂ ಜೋರಾಗಿ ಓಡೋಕೆ ಹೇಳಿ."

ಅವಳನ್ನು ಮನೆಗೆ ಕಳಿಸಿದರು. ಅವಳಿದ್ದ ತುಂಡನ್ನೆಲ್ಲ ಕತ್ತರಿಸಿ ಎಸೆದರು. ಅಪ್ಪ ಅಜ್ಜಿಯ ಹಿಂದೆ ಬರಲಿಲ್ಲ. ಅಲ್ಲೇ ಉಳಿದು ಇನ್ನೂ ಚೆನ್ನಾಗಿ ಬಿದ್ದ. ಎಷ್ಟು ಚೆನ್ನಾಗಿ ಬೀಳ್ತೀಯ, ಭೇಷ್ ಅಂತ ನಿರ್ದೇಶಕ ಬೆನ್ನು ತಟ್ಟಿದ್ದನ್ನು ಅವನು ಮೊನ್ನೆ ಮೊನ್ನೆಯವರೆಗೂ ಬಂದವರಿಗೆಲ್ಲ ಹೇಳುತ್ತಿದ್ದ.

ಅಜ್ಜಿ ಮಸಿ ಮುಖದಲ್ಲೇ ಬಂದು ಅಮ್ಮ ಕೆಲಸ ಮಾಡುವ ಕೋಣೆಯ ಹೊಸ್ತಿಲ ಮೇಲೆ ಕೂತಳು. ಬೈಯಲಿಲ್ಲ. ಅಜ್ಜಿ ಬೈಯದೆ ಕೂತದ್ದನ್ನು ಅಮ್ಮ ನೋಡಿದ್ದು ಅದೇ ಮೊದಲು. ಮಣ್ಣಿನ ಮುದ್ದೆ ಎದುರಿಗಿತ್ತು. ಅಮ್ಮ ಅಜ್ಜಿಯನ್ನು ನೋಡುತ್ತಾ ಕೈ ಆಡಿಸಿದಳು, ಸಂಜೆಯೊಳಗೆ ದೇವಿ ಸಿದ್ಧವಾದಳು. ಕಲಾ ನಿರ್ದೇಶಕ ಬಾಗಿಲಿನಲ್ಲೇ ನಿಂತು ಕೈ ಮುಗಿದನಂತೆ.

ಯಾರಿಗೂ ಗೊತ್ತಾಗುವುದಿಲ್ಲ ಅಂದುಕೊಂಡಿದ್ದಳು ಅಮ್ಮ. ದೇವಿಗೆ ಅತ್ತೆಯ ಮುಖ ಇಟ್ಟು, ಅತ್ತೆಗೆ ಗೊತ್ತಾಗುವುದಿಲ್ಲ ಅಂತ ತಿಳಿಯುವುದು ಸೊಸೆಯರೇ ಮಾಡುವ ತಪ್ಪು. ಅಜ್ಜಿ ಮೇಜಿನ ಸುತ್ತ ಒಂದು ಸುತ್ತು ಬಂದಳು.

"ಮೂಗು ದಪ್ಪ ಆಯ್ತು" ಅಂದಳು.

"ಇರೋದೇ ಹಾಗಲ್ವಾ ಅತ್ತೆ" ಅಂದಳು ಅಮ್ಮ.

ಆ ಮೂಗಿನ ಜಗಳ ಅಜ್ಜಿ ಸಾಯುವವರೆಗೂ ನಡೆಯಿತು.

ಸಿನಿಮಾದವರಿಗೆ ಒಂದೇ ತಲೆ ಸಾಲುವುದಿಲ್ಲ. ಹತ್ತಿರದಿಂದ ತೋರಿಸುವುದಕ್ಕೆ ಒಂದು, ಒಡೆಯುವುದಕ್ಕೆ ಒಂದು, ಎತ್ತಿಕೊಂಡು ಓಡುವುದಕ್ಕೆ ಒಳಗೆ ಟೊಳ್ಳಾದ ಹಗುರದ್ದು ಒಂದು. ಎಲ್ಲ ಎರಕ ಹೊಯ್ದಾದ ಮೇಲೆ ಮತ್ತೆ ನಕಲು ಹೊಯ್ಯಲಾಗದ ಹಾಗೆ ಅಚ್ಚನ್ನು ಕಂಪನಿಯವರ ಎದುರಿಗೇ ಸುತ್ತಿಗೆಯಿಂದ ಒಡೆಯಬೇಕು. ನಮ್ಮ ಕಸುಬಿನಲ್ಲಿ ಅದು ಮಾತಿಗಿಂತ ದೊಡ್ಡ ನಂಬಿಕೆ. ಅಮ್ಮ ಒಡೆದಳು. ಕೆಲಸ ಮುಗಿಸಿ ಹೊರಟವರು ಕಿವಿ ಚಕ್ಕೆ ಎದ್ದ ಟೊಳ್ಳು ತಲೆಯನ್ನು ಕ್ವಾರಿಯ ಕಸದ ಗುಂಡಿಗೆ ಎಸೆದು ಹೋದರು. ಅಜ್ಜಿ ಗುಂಡಿಗಿಳಿದು, ಅದನ್ನು ತನ್ನ ಶಾಲಿನಲ್ಲಿ ಸುತ್ತಿಕೊಂಡು ಮನೆಗೆ ತಂದಳು.

"ನನ್ನ ಮುಖನ ಕಸಕ್ಕೆ ಹಾಕ್ತಾರಾ? ಅವರಪ್ಪನ ಗಂಟೇನು ಹೋಗಿತ್ತು?"

ಆಮೇಲೆ ಅವಳು ಯಾವ ಕ್ಯಾಮೆರಾದ ಮುಂದೂ ನಿಲ್ಲಲಿಲ್ಲ. ನನ್ನ ಮದುವೆಯಲ್ಲೂ ಇಲ್ಲ. "ಆ ಪೆಟ್ಟಿಗೆ ಮುಂದೆ ನಿಂತ್ರೆ ಬೀಳು ಅಂತಾರೆ" ಅಂತ ಎದ್ದು ಹೋಗುತ್ತಿದ್ದಳು. ಅಜ್ಜಿ ಹೋದ ಮೇಲೆ ಹುಡುಕಿದರೆ ಅವಳದೊಂದು ಫೋಟೊವೂ ಇರಲಿಲ್ಲ. ಇದ್ದದ್ದು ಪ್ಲಾಸ್ಟರ್ ಚೀಲಗಳ ಮೇಲಿನ ಹಲಗೆಯಲ್ಲಿ ಕೂತ ಆ ತಲೆ ಒಂದೇ.

ಹೋದ ತಿಂಗಳು ಒಬ್ಬ ಬಂದ. ಸಿನಿಮಾ ಕಂಪನಿಯವರು ಹಳೆಯ ಸಿನಿಮಾದ ಸಾಮಾನುಗಳನ್ನೆಲ್ಲ ಸೇರಿಸಿ ದೊಡ್ಡದೊಂದು ಸಂಗ್ರಹಾಲಯ ಮಾಡುತ್ತಿದ್ದಾರಂತೆ. ಇವನು ಅದಕ್ಕೆ ಸಾಮಾನು ಹುಡುಕುವವನು. ತಲೆಯನ್ನು ಕಂಡ ತಕ್ಷಣ ಜೇಬಿನಿಂದ ಬಿಳಿ ಕೈಗವಸು ತೆಗೆದು ಹಾಕಿಕೊಂಡ. ನಾವು ವಾರಕ್ಕೊಂದು ಸಲ ಒದ್ದೆ ಬಟ್ಟೆಯಲ್ಲಿ ತಿಕ್ಕುವ ಅಜ್ಜಿಯನ್ನು ಅವನು ಉಸಿರು ಕೂಡ ತಾಗದ ಹಾಗೆ ಮುಟ್ಟಿದ. ಅವನ ಹೆಸರು ಕೇಳಿದ್ದೆವು, ಮರೆತೆವು. ನಮಗೆ ಅವನು ಕೈಗವಸು.

"ಇದೊಂದೇ ಉಳಿದಿರೋದು" ಅಂದ. "ಉಳಿದವೆಲ್ಲ ಗೋದಾಮಿನ ಬೆಂಕೀಲಿ ಹೋದ್ವು. ಇಂಥ ಮೂಲೇಲಿದ್ರೆ ಧೂಳು ತಿಂದು ಹಾಳಾಗುತ್ತಮ್ಮ. ಜಗತ್ತು ನೋಡ್ಬೇಕು ಇದನ್ನ."

ನಾನು ಅಮ್ಮನ ಮುಖ ನೋಡಿದೆ, ಅಮ್ಮ ನನ್ನ ಮುಖ ನೋಡಿದಳು. ಇಬ್ಬರಿಗೂ ನಗು ತಡೆಯಲಾಗಲಿಲ್ಲ.

"ಟಾರ್ಚ್ ಎಲ್ಲಪ್ಪಾ ನಿಂದು?" ಅಂದಳು ಅಮ್ಮ.

ಅವನು ನಗಲಿಲ್ಲ. ಪ್ಲಾಸ್ಟರ್ ಚೀಲದ ಮೇಲೆ ಕೂತು ಎದ್ದದ್ದರಿಂದ ಕಪ್ಪು ಪ್ಯಾಂಟಿನ ಹಿಂಭಾಗವೆಲ್ಲ ಬೆಳ್ಳಗಾಗಿತ್ತು, ಪಾಪ, ಅದೂ ಅವನಿಗೆ ಗೊತ್ತಿರಲಿಲ್ಲ.

ಅಮ್ಮ ಒಂದು ಮಾತು ಹೇಳಿದಳು. ತಲೆ ಕೊಡೋಣ, ಅದರ ಕೆಳಗಿನ ಫಲಕದಲ್ಲಿ ಮಾತ್ರ ಇದು ಯಾರ ಮುಖ, ಯಾರ ಕೈ ಅಂತ ಬರೆಯಬೇಕು. ಮುಖ ಈ ಬೀದಿಯ ಒಬ್ಬ ಅತ್ತೆಯದು, ಕೈ ಅವಳ ಸೊಸೆಯದು.

"ಅದು ಹೇಗಾಗುತ್ತಮ್ಮ? ವಿನ್ಯಾಸ ನಮ್ಮ ಕಲಾ ನಿರ್ದೇಶಕರದು. ಎಲ್ಲಾ ಕಡೆ ಹಾಗೇ ಇದೆ. ಮತ್ತೆ ದೇವಿ ಕೆಳಗೆ ಅತ್ತೆ ಅಂತ ಬರೆದ್ರೆ ಜನ ನಗಲ್ವಾ?"

"ಅತ್ತೆ ಆಗಿದ್ದಕ್ಕೇ ಅವರು ದೇವಿ ಆಗಿದ್ದು. ಬರೆಯೋಕಾಗಲ್ಲ ಅಂದ್ರೆ ಬಾಗಿಲು ಅಲ್ಲಿದೆ."

"ನಾನು ಒಳ್ಳೇ ಮಾತಲ್ಲಿ ಕೇಳ್ತಾ ಇದೀನಿ. ಕಂಪನಿಗೋಸ್ಕರ ಮಾಡಿದ್ದೆಲ್ಲ ಕಂಪನೀದು."

"ಕಸಕ್ಕೆಸೆದಾಗ ಯಾರದ್ದಾಗಿತ್ತು?" ಅಂದೆ ನಾನು.

"ಎಸೆದ್ರು ಅನ್ನೋದಕ್ಕೆ ಏನು ಸಾಕ್ಷಿ?"

ಮೂಲೆಯಲ್ಲಿ ಪ್ಲಾಸ್ಟರಿಗೆ ಬೆರೆಸುವ ನಾರು ಬಿಡಿಸುತ್ತಾ ಕೂತಿದ್ದ ಅಪ್ಪ ತಲೆ ಎತ್ತದೆ, "ಹೋಗ್ಲಿ ಬಿಡೇ" ಅಂದ. ನನಗೆ ಪಿತ್ತ ನೆತ್ತಿಗೇರಿತು. ಹೆತ್ತ ತಾಯಿಯ ಮುಖಕ್ಕೂ ಹೋಗ್ಲಿ ಬಿಡೇ ಅನ್ನುವ ಗಂಡಸನ್ನು ಏನನ್ನಬೇಕು? ಅಂದೇಬಿಟ್ಟೆ, ಕೈಗವಸಿನ ಎದುರಿಗೇ. ಅಪ್ಪ ನಾರು ಬಿಡಿಸುತ್ತಲೇ ಇದ್ದ.

ಅವನು ಹೋದ ಮೇಲೆ ನಾನು ಅಮ್ಮನಿಗೆ ಉಪಾಯ ಹೇಳಿದೆ. ಇದರದೇ ಅಚ್ಚು ತೆಗೆದು ಇನ್ನೊಂದು ಎರಕ ಹೊಯ್ದು, ಬಣ್ಣ ಬಳಿದು, ಕಿವಿ ಒಡೆದು ಅವನಿಗೆ ಕೊಟ್ಟುಬಿಡೋಣ.

"ಹಳೇ ಪ್ಲಾಸ್ಟರ್ ಕಣೇ ಇದು. ಅಚ್ಚು ಹಾಕಿದ್ರೆ ಮೂಗು ಅದರ ಜೊತೆ ಕಿತ್ಕೊಂಡು ಬರುತ್ತೆ" ಅಂದಳು. "ಅದೂ ಅಲ್ದೆ, ಅಸಲು ಎತ್ಕೊಂಡು ನಕಲು ಇಟ್ಟು ಬರೋಕೆ ನಾವೇನು ಆ ಸಿನಿಮಾದ ಪಂಡಿತರಾ? ನಮ್ಮದನ್ನ ನಮ್ಮದು ಅಂತ ಹೇಳೋಕೆ ಕಳ್ಳದಾರಿ ಯಾಕೆ?"

ಆಮೇಲೆ ತಲೆಯನ್ನು ಹಲಗೆಯಿಂದಿಳಿಸಿ ತೊಡೆಯ ಮೇಲಿಟ್ಟುಕೊಂಡು ಒರೆಸಿದಳು. ನಾನಿದ್ದೇನೆ ಅನ್ನುವುದನ್ನೇ ಮರೆತು ಅದರ ಜೊತೆ ಮಾತಿಗೆ ಕೂತಳು. "ಯಾರಾದ್ರೂ ಬಂದು ನಿಮ್ಮನ್ನ ಈ ಮನೆಯಿಂದ ಕರ್ಕೊಂಡು ಹೋಗ್ಲಿ ಅಂತ ಎಷ್ಟು ಬೇಡ್ಕೊಂಡಿದ್ದೆ ಗೊತ್ತಾ ಅತ್ತೆ. ಈಗ ಬಂದಿದಾರೆ ನೋಡಿ."

ಹೆಂಗಸಿನ ಕೈಯಲ್ಲಿ ಮಾಡಿದ ಕೆಲಸ ಬೇಡ ಅಂತ ಗುತ್ತಿಗೆದಾರನೊಬ್ಬ ಅಮ್ಮನನ್ನು ವಾಪಸು ಕಳಿಸಿದ್ದ ಕಾಲ ಒಂದಿತ್ತು. ಅಜ್ಜಿ ಅವನ ಮನೆ ಬಾಗಿಲಿಗೆ ಹೋಗಿ ನಿಂತಳು. ಜಗಳ ಆಡಲಿಲ್ಲ, ಬರೀ ನಿಂತಳು. ಅವನು ಹೊರಗೆ ಹೋಗುವಾಗಲೂ ಒಳಗೆ ಬರುವಾಗಲೂ ಅವಳು ಅಲ್ಲೇ ಇದ್ದಳು. ಕೊನೆಗೆ ಅವನೇ ಅಮ್ಮನಿಗೆ ಹೇಳಿಕಳಿಸಿದ. ಮನೆಗೆ ಬಂದ ಅಜ್ಜಿ, "ಕೆಲಸ ಕೆಟ್ಟದಾಗಿ ಮಾಡಿ ನನ್ನ ಮಾನ ಕಳೀಬೇಡ" ಅಂತ ಸೊಸೆಗೆ ಬೈದಳಂತೆ. ಇದನ್ನು ಹೇಳುತ್ತಾ ಅಮ್ಮ ಅತ್ತಳು. ಬೈದದ್ದಕ್ಕೆ ಅತ್ತದ್ದಲ್ಲ. ಈಗ ಬೈಯುವವರು ಯಾರೂ ಇಲ್ಲವಲ್ಲ ಅಂತ ಅತ್ತಳು.

ಕೈಗವಸು ಎರಡನೆಯ ಸಲ ಬಂದಾಗ ಜೊತೆಗೊಬ್ಬ ಪೊಲೀಸಿನವನಿದ್ದ, ಕೈಯಲ್ಲಿ ಆದೇಶದ ಕಾಗದವಿತ್ತು. ಒಳಗೆ ಮೆತ್ತೆ ಹಾಕಿದ ಮರದ ಪೆಟ್ಟಿಗೆಯನ್ನೂ ತಂದಿದ್ದ. ಪೆಟ್ಟಿಗೆ ನಮ್ಮ ಓಣಿಯಲ್ಲಿ ತೂರಲೇ ಇಲ್ಲ, ಓಣಿಯ ಬಾಯಲ್ಲಿ ನಿಂತ ವ್ಯಾನಿನಲ್ಲೇ ಉಳಿಯಿತು. ಪೊಲೀಸಿನವನನ್ನು ಕಂಡ ತಕ್ಷಣ ಅಪ್ಪ ಕೈಯ ನಾರು ಕೆಳಗಿಟ್ಟು ಹಿಂದಿನ ಬಾಗಿಲಿನಿಂದ ಜಾರಿಕೊಂಡ. ನಾನು ನೋಡಿದೆ. ಇಷ್ಟೇ ಇವನ ಹಣೆಬರಹ ಅಂದುಕೊಂಡೆ.

"ನನ್ನ ಕೈಯಾರೆ ಕೊಡಲ್ಲ" ಅಂದಳು ಅಮ್ಮ. "ಬೇಕಾದ್ರೆ ನೀವೇ ಎತ್ಕೊಳ್ಳಿ. ಅವರ ಮುಖ ನೋಡ್ಕೊಂಡು ಎತ್ಕೊಳ್ಳಿ."

ಅವನು ಮುಖ ನೋಡಲಿಲ್ಲ. ಎರಡು ಕೈಯಲ್ಲೂ ಎತ್ತಿ ಎದೆಗವುಚಿಕೊಂಡು ಹೊರಟ. ನಾನು ಅಡ್ಡ ಹೋದೆ, ಪೊಲೀಸಿನವನು ನನ್ನ ಮುಂದೆ ಕೋಲು ಹಿಡಿದ. "ಬೇಡ ತಾಯಿ, ಸುಮ್ನಿರಿ" ಅಂದ. ಅವನಿಗೂ ಈ ಕೆಲಸ ಹಿಡಿಸಿರಲಿಲ್ಲ. ಹಲಗೆಯ ಮೇಲೆ ತಲೆ ಇದ್ದ ಜಾಗದಲ್ಲಿ ಧೂಳಿಲ್ಲದ ಒಂದು ದುಂಡನೆ ಗುರುತು ಉಳಿಯಿತು. ನಾನು ಅಮ್ಮನ ತೋಳು ಹಿಡಿದು ಅವರ ಹಿಂದೆಯೇ ಓಣಿಗಿಳಿದೆ.

ಕೈಗವಸು ಓಣಿಯ ನಡುವೆ ನಿಂತಿದ್ದ. ಮುಂದೆ ದಾರಿ ಇರಲಿಲ್ಲ.

ಗೋಡೆಯಿಂದ ಗೋಡೆಯವರೆಗೆ ಜನ. ಬಡಗಿ ಚಿಕ್ಕಪ್ಪ ಊರುಗೋಲು ಹಿಡಿದು ನಿಂತಿದ್ದ. ಪಕ್ಕದಲ್ಲಿ ದರ್ಜಿ ದೊಡ್ಡಮ್ಮ, ಕೊರಳಲ್ಲಿ ಅಳತೆಪಟ್ಟಿ ಹಾಗೇ ನೇತಾಡುತ್ತಿತ್ತು. ಅವರ ಹಿಂದೆ ಉಳಿದವರು. ಕೂದಲು ಉದುರಿದವರು, ಮಂಡಿ ಸವೆದವರು, ಉಸಿರು ಕಟ್ಟುವವರು. ಅಂದು ಆ ಗುಡ್ಡೆಯಲ್ಲಿ ಬಿದ್ದವರಲ್ಲಿ ಬದುಕಿದ್ದವರೆಲ್ಲ ಬಂದಿದ್ದರು. ಎಲ್ಲರಿಗಿಂತ ಮುಂದೆ ಅಪ್ಪ.

ಕೈಗವಸಿಗೆ ಅವರ ಗುರುತು ಸಿಕ್ಕಿತು. ಆ ಸಿನಿಮಾವನ್ನು ಅವನಷ್ಟು ಸಲ ನೋಡಿದವರು ಇನ್ಯಾರಿದ್ದಾರೆ? ಬಡಗಿ ಚಿಕ್ಕಪ್ಪನ ಕಡೆ ಬೆರಳು ತೋರಿಸಿ, "ನೀವು... ಎಲ್ಲರಿಗಿಂತ ಕೆಳಗೆ ಬೀಳೋರು" ಅಂದ.

"ಹೌದಪ್ಪ" ಅಂದ ಚಿಕ್ಕಪ್ಪ. "ಬೆನ್ನು ಇನ್ನೂ ನೋಯುತ್ತೆ."

"ದಾರಿ ಬಿಡಿ ದಯವಿಟ್ಟು. ನನ್ನತ್ರ ಕಾಗದ ಇದೆ."

ಯಾರೂ ಅಲುಗಲಿಲ್ಲ. ಯಾರೂ ಕೈ ಎತ್ತಲಿಲ್ಲ, ಕೂಗಲಿಲ್ಲ. ಅವನು ಬಲಗಡೆ ಸರಿದ, ಅಲ್ಲೂ ಜನ. ಎಡಗಡೆ ಸರಿದ, ಅಲ್ಲಿ ದರ್ಜಿ ದೊಡ್ಡಮ್ಮ. ಪೊಲೀಸಿನವನ ಕಡೆ ತಿರುಗಿದ.

"ಸುಮ್ನೆ ನಿಂತಿದಾರೆ ಸಾರ್" ಅಂದ ಪೊಲೀಸಿನವನು. "ಎಲ್ಲಾ ವಯಸ್ಸಾದವರು. ತಳ್ಳಿದ್ರೆ ಬೀಳ್ತಾರೆ."

"ಬೀಳಲ್ಲ" ಅಂದ ಅಪ್ಪ.

ಅಪ್ಪನ ಆ ದನಿಯನ್ನು ನಾನು ಹುಟ್ಟಿದ ಮೇಲೆ ಕೇಳಿರಲಿಲ್ಲ. ಅವನು ಒಂದು ಹೆಜ್ಜೆ ಮುಂದೆ ಬಂದ.

"ಅವತ್ತು ಬೀಳಿ ಅಂದ್ರಿ, ಬಿದ್ವಿ. ನಮ್ಮಮ್ಮ ಒಬ್ಬಳೇ ನಿಂತಿದ್ಲು, ಅವಳನ್ನ ಓಡಿಸಿದ್ರಿ. ನಾನು ಮಗ, ಅವಳ ಪಕ್ಕ ನಿಲ್ಲಲಿಲ್ಲ. ಬಿದ್ದೆ. ಚೆನ್ನಾಗಿ ಬಿದ್ದೆ ಅಂತ ಊರಿಗೆಲ್ಲ ಹೇಳ್ಕೊಂಡು ತಿರುಗಿದೆ. ಆ ಸಿನಿಮಾ ಎಷ್ಟು ಸಲ ಹಾಕಿದ್ರೂ ನಾನು ಬೀಳ್ತೀನಿ, ಅವನು ನಮ್ಮಮ್ಮನ್ನ ಎತ್ಕೊಂಡು ಹೋಗ್ತಾನೆ. ಸಾಕು. ಕೆಳಗಿಡಿ."

"ಇದು ನಿಮ್ಮಮ್ಮ ಅಂತ ನೀವು ಹೇಳ್ತೀರಿ" ಅಂದ ಕೈಗವಸು. ಅವನಿಗೂ ಸಿಟ್ಟು ಬಂದಿತ್ತು. "ಫೋಟೊ ಇದೆಯಾ? ಯಾವುದಾದ್ರೂ ಗುರುತಿದೆಯಾ? ಏನೂ ಇಲ್ಲ. ಬರೀ ಬಾಯಿಮಾತು. ಎಲ್ಲಿದೆ ಸಾಕ್ಷಿ, ತೋರಿಸಿ ನೋಡೋಣ!"

ಅಪ್ಪ ಅವನನ್ನೇ ನೋಡಿದ.

ಜನ್ಮದಲ್ಲಿ ಸಿಟ್ಟು ಮಾಡಿಕೊಳ್ಳದ ಮನುಷ್ಯ ನಮ್ಮಪ್ಪ. ಅವನ ಮುಖ ಹೇಗಿದೆ ಅಂತ ಯಾರಾದರೂ ಕೇಳಿದ್ದರೆ, ಮೆತ್ತಗೆ, ಎಲ್ಲರ ಮುಖದ ಹಾಗೆ, ಅಂತ ಹೇಳುತ್ತಿದ್ದೆ. ಈಗ ಅವನ ಹುಬ್ಬು ಗಂಟಿಕ್ಕಿತು. ಮೂಗಿನ ಹೊಳ್ಳೆ ಅರಳಿತು. ಕೆಳತುಟಿ ಒಳಗೆ ಸರಿದು ಬಿಗಿಯಿತು. ದರ್ಜಿ ದೊಡ್ಡಮ್ಮ ತಿರುಗಿ ನೋಡಿದವಳು ಬಾಯಿಗೆ ಕೈ ಹಿಡಿದಳು.

ಕೈಗವಸು ತನ್ನ ಎದೆಯ ಮೇಲಿನ ಮುಖ ನೋಡಿದ. ಎದುರಿನ ಮುಖ ನೋಡಿದ. ಮತ್ತೆ ಕೆಳಗೆ ನೋಡಿದ. ಪೊಲೀಸಿನವನೂ ಕತ್ತು ಚಾಚಿ ಅದನ್ನೂ ಇದನ್ನೂ ನೋಡಿದ. "ಸಾರ್" ಅಂದ ಮೆಲ್ಲಗೆ, "ಕೊಟ್ಬಿಡಿ ಸಾರ್."

ಸಿನಿಮಾದಲ್ಲಿ ಆ ಗುಹೆಯ ಜನ ಒಂದು ಸಲವಾದರೂ ಹಿಡಿದುಬಿಟ್ಟಿದ್ದರೆ ಆ ಪಂಡಿತ ಏನು ಮಾಡುತ್ತಿದ್ದನೋ ಅಂತ ನನಗೆ ಚಿಕ್ಕಂದಿನಿಂದ ಕುತೂಹಲವಿತ್ತು. ಕೈಗವಸು ಬಾಗಿ, ಅಪ್ಪ ಚಾಚಿದ ಕೈಗಳಲ್ಲಿ ತಲೆಯನ್ನು ಇಟ್ಟ.

"ಜೋಪಾನ" ಅಂದ. "ಕಿವಿ ಹತ್ತಿರ ಬಿರುಕಿದೆ." ಆಮೇಲೆ ದನಿ ಗಟ್ಟಿ ಮಾಡಿಕೊಂಡು, "ಇದು ಇಲ್ಲಿಗೆ ಮುಗಿಯಲ್ಲ. ಕಂಪನಿಯವರು ಮತ್ತೆ ಬರ್ತಾರೆ" ಅಂದ.

"ಬರ್ಲಿ" ಅಂದ ಅಪ್ಪ. "ನಿಂತಿರ್ತೀವಿ."

ಅವನು ಹೋಗುವುದಕ್ಕೆ ಜನ ದಾರಿ ಬಿಟ್ಟರು. ಕೈಯಲ್ಲಿ ಏನೂ ಇಲ್ಲದವನಿಗೆ ದಾರಿ ಬಿಡದಿರುವಷ್ಟು ಕೆಟ್ಟವರಲ್ಲ ನಾವು. ಅವನ ಪ್ಯಾಂಟಿನ ಹಿಂದೆ ಈ ಸಲವೂ ಪ್ಲಾಸ್ಟರ್ ಹತ್ತಿತ್ತು.

ಅಪ್ಪ ತಿರುಗಿದ. ಅಜ್ಜಿಯನ್ನು ಎದೆಗೆ ಹಿಡಿದುಕೊಂಡು ಅಮ್ಮನ ಎದುರಿಗೆ ಬಂದು ನಿಂತ. ಹುಬ್ಬಿನ ಗಂಟು ಇನ್ನೂ ಬಿಚ್ಚಿರಲಿಲ್ಲ. ಎರಡೂ ಮುಖ ಅಕ್ಕಪಕ್ಕದಲ್ಲಿದ್ದವು. ನಾನು ಅಪ್ಪನಿಗೆ ಅಂದ ಮಾತುಗಳೆಲ್ಲ ನೆನಪಾದವು.

ಅಮ್ಮ ಕಣ್ಣೊರೆಸಿಕೊಂಡಳು. ಕಸುಬಿನವಳು ಅಳತೆ ನೋಡುವ ಹಾಗೆ ಒಂದು ಕಣ್ಣು ಸಣ್ಣ ಮಾಡಿ ಗಂಡನ ಮೂಗು ನೋಡಿದಳು, ಅತ್ತೆಯ ಮೂಗು ನೋಡಿದಳು. ಆಮೇಲೆ ಪ್ಲಾಸ್ಟರಿನ ಆ ಒಡೆದ ಕಿವಿಯ ಹತ್ತಿರ ಬಾಗಿ, ಬೀದಿಗೆಲ್ಲ ಕೇಳುವ ಹಾಗೆ ಹೇಳಿದಳು:

"ನೋಡಿದ್ರಾ ಅತ್ತೆ? ಮೂಗು ನಾನು ಸರಿಯಾಗೇ ಮಾಡಿದ್ದೆ."